ಎತ್ತಿ ಹೊಯ್ದ ನೀರು

ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಪರರ ಮಕ್ಕಳಿಗೆ ಉಣಿಸಿದವಳು ನಾನು. ಜೇವರ್ಗಿಯ ನಮ್ಮ ಓಣಿಯಲ್ಲಿ ಇವತ್ತು ಮೀಸೆ ತಿರುವುತ್ತ ಓಡಾಡುವ ಅರ್ಧ ಗಂಡಸರಿಗೆ ಉಪ್ಪಿಟ್ಟು ತಿನ್ನಿಸಿ ಬೆಳೆಸಿದ್ದು ನನ್ನ ಕೈ. ಅಂಥ ಸಾಬವ್ವ ಟೀಚರಿಗೆ ಸ್ವಂತ ಗಂಡನಿಗೆ ಉಣಿಸಲು ಬರಲಿಲ್ಲ, ಅವಳೇ ಅವನ ಪುಪ್ಪುಸ ಕೆಡಿಸಿದಳು ಎಂದು ಈ ಬೇಸಿಗೆಯಲ್ಲಿ ಓಣಿ ಆಡಿಕೊಂಡಿತು. ಓಣಿ ಆಡಲಿ, ಅದಕ್ಕೇನು ಕೆಲಸ. ಆದರೆ ಆ ಮಾತು ಹೊರಟದ್ದು ನನ್ನ ಮನೆಯೊಳಗಿನಿಂದ, ಅದೇ ನನಗೆ ಇವತ್ತಿಗೂ ತಡೆಯಲಾಗದ್ದು.

ನನ್ನ ಗಂಡ ಚಂದ್ರಾಮ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ರಿಟೈರಾಗಿ ಎರಡು ವರ್ಷ. ಫೆಬ್ರವರಿಯ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವರು ಹಾಗೇ ಬಲಕ್ಕೆ ವಾಲಿ ಬಿದ್ದರು. ಲಕ್ವಾ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಲಬುರಗಿಯ ಆಸ್ಪತ್ರೆಯಲ್ಲಿ ಮೂರು ವಾರ ಮೂಗಿಗೆ ನಳಿಕೆ ಹಾಕಿ ಗಂಜಿ, ಹಾಲು ಇಳಿಸಿದರು. ಆಮೇಲೆ ಎರಡು ಮಾತು ಮರಳಿ ಬಂದವು. ಒಂದು ‘ನೀರ’, ಇನ್ನೊಂದು ‘ಬ್ಯಾಡ’. ಇಲ್ಲ ಅನ್ನಲಿಕ್ಕೂ ಬ್ಯಾಡ, ಅಲ್ಲ ಅನ್ನಲಿಕ್ಕೂ ಬ್ಯಾಡ, ಸಾಕು ಅನ್ನಲಿಕ್ಕೂ ಬ್ಯಾಡ.

ನುಂಗುವುದನ್ನು ಕಲಿಸುವುದಕ್ಕೂ ಒಬ್ಬರು ಇರುತ್ತಾರೆ ಅಂತ ನನಗೆ ಗೊತ್ತಾದದ್ದು ಆ ಆಸ್ಪತ್ರೆಯಲ್ಲಿ. ಫರಹೀನ ಅಂತ ಹುಡುಗಿ. ಮೂಗಿನ ನಳಿಕೆ ತೆಗೆದ ದಿನ ನನ್ನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದಳು.

“ಅಮ್ಮಾ, ಗಂಟಲಾಗ ಎರಡು ದಾರಿ ಅವ್ರಿ. ಒಂದು ಹೊಟ್ಟಿಗಿ, ಒಂದು ಪುಪ್ಪುಸಕ್ಕ. ನುಂಗುವಾಗ ಪುಪ್ಪುಸದ ಬಾಗಿಲ ತಾನೇ ಮುಚ್ಕೋತದ. ಲಕ್ವಾ ಆದ ಮ್ಯಾಲ ಇವರದು ತಡಾ ಮಾಡಿ ಮುಚ್ಚಾಕತ್ತದ. ದಪ್ಪ ಅಂಬಲಿ ನಡಕೋತ ಹೋಗ್ತದ, ಬಾಗಿಲ ಮುಚ್ಚೂತನಕ ಪುರಸತ್ತು ಸಿಗ್ತದ. ನೀರು ಓಡ್ತದ. ಓಡಿ ಪುಪ್ಪುಸದಾಗ ಇಳೀತದ.”

“ಇಳದ್ರ ಏನಾಗ್ತದ?”

“ಬರೇ ನೀರು ಇಳಿಯಂಗಿಲ್ರಿ. ಬಾಯಾಗಿನ ಹೊಲಸು, ಅನ್ನದ ಚೂರು, ಕ್ರಿಮಿ ಎಲ್ಲಾ ಅದರ ಕೂಡ ಇಳೀತಾವ. ಅಲ್ಲಿ ಬಾವು ಬರ್ತದ, ಕಫಾ ಕೀವು ತುಂಬಿ ನಿಮೋನಿಯಾ ಆಗ್ತದ. ಅದಕ್ಕ ದಿನಾ ಎರಡು ಸಲ ಬಾಯಿ ತೊಳೀರಿ.”

“ನೆತ್ತಿಗೇರಿದ್ರ ಕೆಮ್ತಾರಲ್ಲವಾ, ಗೊತ್ತಾಗ್ತದ.”

“ಅದೇ ನೋಡ್ರಿ ಇವರಿಗಿ ಇಲ್ಲ. ಇವರ ಗಂಟಲಿಗಿ ಸುದ್ದಿನೇ ಹತ್ತಂಗಿಲ್ಲ. ಕೆಮ್ಮಲಿಲ್ಲ ಅಂದ್ರ ಸರಿ ಹೋತು ಅಂತ ತಿಳ್ಕೋಬ್ಯಾಡ್ರಿ.”

ಮನೆಗೆ ಬಂದವಳೇ ಅಂಗನವಾಡಿಯ ಚಾರ್ಟ್ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಮಂಚದ ಮೇಲಿನ ಗೋಡೆಗೆ ಹಚ್ಚಿದೆ. ನೆಟ್ಟಗೆ ಕೂಡಿಸಬೇಕು. ಗದ್ದ ಎದೆಯ ಕಡೆ ಬಗ್ಗಿರಬೇಕು. ಸಣ್ಣ ಚಮಚ. ದಪ್ಪ ಅಂಬಲಿ, ಹಿಚುಕಿದ ಬಾಳೆಹಣ್ಣು, ಗಟ್ಟಿ ಮೊಸರು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ನೀರು, ಹಾಲು, ಚಹಾ, ಸಾರು ಯಾವುದೂ ತೆಳ್ಳಗೆ ಕೊಡಬಾರದು. ಕೆಮ್ಮಿನ ಮಾತನ್ನು ಮಾತ್ರ ಬರೆಯಲಿಲ್ಲ. ನನಗೆ ಗೊತ್ತಿದ್ದರೆ ಸಾಕು ಎನ್ನುವ ಸೊಕ್ಕು. ಮೂವತ್ತೊಂದು ವರ್ಷ ಕೈ ಕಟ್ಟು ಬಾಯಿ ಮುಚ್ಚು ಎಂದು ಹೇಳಿ ರೂಢಿ, ಕಾರಣ ಹೇಳಿ ರೂಢಿಯಿಲ್ಲ.

ಮನೆಯಲ್ಲಿ ಆಗ ಇದ್ದವರು ನಾವಿಬ್ಬರು ಮತ್ತು ಸೊಸೆ ಮಧುಮತಿ. ಮಗ ಧಮ್ಮಪಾಲ ಕಡಗಂಚಿಯ ಯೂನಿವರ್ಸಿಟಿ ಆಫೀಸಿನಲ್ಲಿ ಗುಮಾಸ್ತ, ವಾರವೆಲ್ಲ ಅಲ್ಲೇ ಕೋಣೆ ಮಾಡಿಕೊಂಡಿದ್ದು ಶನಿವಾರ ಬರುತ್ತಾನೆ. ಮಧುಮತಿ ಮನೆಯಲ್ಲೇ ಜಂಪರ್ ಹೊಲಿಯುತ್ತಾಳೆ. ಬೆಳಿಗ್ಗೆ ನಾನು ಉಣಿಸಿ ಅಂಗನವಾಡಿಗೆ ಹೋಗುತ್ತಿದ್ದೆ. ಅಂಗನವಾಡಿ ಎರಡು ಓಣಿ ಆಚೆ, ಮಧ್ಯಾಹ್ನ ಓಡಿ ಬಂದು ಉಣಿಸಿ ಮತ್ತೆ ಓಡುತ್ತಿದ್ದೆ. ಚಮಚ ನಾನು ಯಾರ ಕೈಗೂ ಕೊಡಲಿಲ್ಲ.

ಮಾರ್ಚ್ ಕೊನೆಗೆ ಬಿಸಿಲು ಹೊಡೆಯತೊಡಗಿತು. ಇವರು ಅಂಬಲಿ ಕಂಡರೆ ಮುಖ ತಿರುಗಿಸುವರು. “ನೀರ” ಅನ್ನುವರು. ದಿನಕ್ಕೆ ನೂರು ಸಲ ನೀರ, ನೀರ. ಒದ್ದೆ ಅರಿವೆಯಿಂದ ತುಟಿ ಒರೆಸಿದರೆ ಅರಿವೆಯನ್ನೇ ಕಚ್ಚಿ ಹಿಡಿಯುವರು. ಎರಡು ಬೆರಳು ಹಾಕಿ ಹಲ್ಲಿನಿಂದ ಅದನ್ನು ಬಿಡಿಸಿಕೊಳ್ಳಬೇಕಾಗುತ್ತಿತ್ತು, ಯಾರಿಗೆ ಹೇಳಲಿ.

ಆಗ ಅಫಜಲಪುರದಿಂದ ಮಗಳು ಸುಮಂಗಲಾ ಬಂದಳು. “ಅಪ್ಪನ ಸೇವಾ ಮಾಡ್ತೇನಿ, ಗಂಡಗ ಹೇಳಿ ಬಂದೇನಿ” ಅಂದಳು. ಅಪ್ಪನ ಮುದ್ದಿನ ಮಗಳು. ಅಪ್ಪನ ಬಸ್ಸಿನಲ್ಲಿ ಇಂಜಿನ್ ಮೇಲೆ ಕೂತು ಬೆಳೆದವಳು. ಅವಳನ್ನು ಕಂಡದ್ದೇ ಇವರ ಎಡಗಣ್ಣಿನಲ್ಲಿ ಬೆಳಕು ಬಂತು. ನನಗೂ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ.

ಎರಡನೇ ದಿನ ಅವಳು ಚಾರ್ಟ್ ಓದಿ ಕುದಿಯತೊಡಗಿದಳು.

“ಅವ್ವಾ, ಇದೇನು ಜೇಲ್ ಏನು? ನಲವತ್ತೆರಡು ಡಿಗ್ರಿ ಬಿಸಲಾಗ ಮನಶ್ಯಾಗ ನೀರ ಕೊಡಂಗಿಲ್ಲಂದ್ರ!”

“ಅಂಬಲ್ಯಾಗ ನೀರೇ ಇರ್ತದ ಬೇ. ದಿನಾ ಅಳತಿ ಮಾಡಿ ಕೊಡಾಕತ್ತೇನಿ.”

“ಅಳತಿ! ಅಪ್ಪ ಸಣ್ಣಾಂವ ಇದ್ದಾಗ ಹೋಟಲ್ ಹೊರಗ ನಿಂತು, ಎತ್ತಿ ಹೊಯ್ದ ನೀರು ಬೊಗಸ್ಯಾಗ ಹಿಡದು ಕುಡದು ಬೆಳದಾಂವ. ಆ ಮ್ಯಾಲಿನ ಜಾತಿಯವರೂ ಹೊಯ್ತಿದ್ರು. ಈಗ ಸ್ವಂತ ಮನ್ಯಾಗ, ಬಾಬಾಸಾಹೇಬರ ಫೋಟೋ ಕೆಳಗ ಮಲಗಿ ನೀರಿಗಿ ಕೈ ಒಡ್ಡಾಕತ್ತಾನ. ನಾಚಿಕಿ ಆಗಂಗಿಲ್ಲ ನಿನಗ?”

ಆ ಮಾತು ನನ್ನ ಎದೆಗೇ ಬಡಿಯಿತು. ನಿಜವಾದ ಮಾತು. ಅದೇ ಕಾರಣಕ್ಕೆ ಇವರು ನೌಕರಿ ಸಿಕ್ಕ ಮೇಲೆ ದೊಡ್ಡ ತಾಮ್ರದ ಚರಿಗೆ ಕೊಂಡು ತಂದಿದ್ದರು. ಯಾರ ಹಂಗೂ ಇಲ್ಲದೆ, ತಲೆ ಹಿಂದಕ್ಕೆ ಚೆಲ್ಲಿ, ಚರಿಗೆ ಎತ್ತಿ ಹಿಡಿದು ಗಟಗಟ ಇಳಿಸುವುದೆಂದರೆ ಅವರಿಗೆ ಹಬ್ಬ. ಆದರೂ ನಾನು ಚಾರ್ಟ್ ಕಡೆ ಕೈ ಮಾಡಿ “ಅದು ಡಾಕ್ಟರ್ ಮಾತು, ನಂದಲ್ಲ” ಅಂತಷ್ಟೇ ಅಂದೆ.

ಪಕ್ಕದ ಮನೆಯ ಖಾಸೀಂಬಿ ದಿನಾ ನೋಡಲು ಬರುವವಳು. ಅವಳೂ ಸೇರಿಸಿದಳು. “ಟೀಚರ್, ಬೀಮಾರ್ ಮನಶ್ಯಾಗ ನೀರಿಲ್ದ ಪ್ಯಾಸಾ ಇಡೋದು ಗುನಾ ಅದ. ಅಲ್ಲಾ ಮಾಫ್ ಮಾಡಂಗಿಲ್ಲ.”

“ಗುನಾ ಆದ್ರ ನಂಗೇ ಆಗ್ಲಿ. ನೀ ಚಹಾ ಕುಡಿ” ಅಂದೆ. ಖಾಸೀಂಬಿ ಬಸಿಗೆ ಚಹಾ ಸುರಿದುಕೊಂಡು ಸೊರ್ ಎಂದು ಹೀರುವಾಗ ಇವರು ಆ ಬಸಿಯನ್ನೇ ನೋಡುತ್ತಿದ್ದರು.

ಏಪ್ರಿಲ್ ಎರಡನೇ ವಾರ ಇವರಿಗೆ ಜ್ವರ ಬಂತು. ಎದೆಯಲ್ಲಿ ಗೊರಗೊರ ಸಪ್ಪಳ, ಉಸಿರು ಮೇಲೆ ಮೇಲೆ. ಕಲಬುರಗಿಗೆ ಒಯ್ದೆವು. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ಬಲಗಡೆ ಕೆಳಗಿನ ಬಿಳಿ ಮೋಡ ತೋರಿಸಿದರು. “ಹೊರಗಿನದು ಏನೋ ಪುಪ್ಪುಸಕ್ಕೆ ಇಳಿದಿದೆ. ನೀರು ಕೊಟ್ಟಿರೇನು?” ಎಂದರು. ನಾನು ಇಲ್ಲ ಅಂದೆ. ಮಧುಮತಿ ಇಲ್ಲ ಅಂದಳು. ಸುಮಂಗಲಾ ಕೂಡ ಇಲ್ಲ ಅಂದಳು.

ಹೊರಗೆ ಬಂದ ಮೇಲೆ ಸುಮಂಗಲಾ ನನ್ನ ಕಿವಿಯ ಹತ್ತಿರ ಅಂದಳು, “ಅವ್ವಾ, ಹೇಳಬಾರ್ದು, ಆದ್ರ ಮೊನ್ನಿ ನಾ ಸಂತಿಯಿಂದ ಬಂದಾಗ ವೈನಿ ಚರಿಗಿ ಹಿಡಕೊಂಡು ಅಪ್ಪನ ಮಂಚದ ಹಂತೇಕ ನಿಂತಿದ್ಲು. ದಿಂಬೂ ಹಸಿ ಆಗಿತ್ತು.”

ನನಗೆ ಅಷ್ಟೇ ಸಾಕಾಯಿತು. ಹತ್ತು ದಿನದ ಮೇಲೆ ಇವರು ಹುಷಾರಾಗಿ ಮನೆಗೆ ಬಂದ ಸಂಜೆ, ರೊಟ್ಟಿ ತಟ್ಟುತ್ತಿದ್ದ ಮಧುಮತಿಯ ಮುಂದೆ ಹೋಗಿ ನಿಂತೆ.

“ನನ್ನ ಗಂಡನ್ನ ಕೊಲ್ಲಾಕ ನಿಂತೀಯೇನು?”

“ಏನಂದ್ರಿ ಅತ್ತಿ?”

“ಚರಿಗಿ ಹಿಡದು ಮಂಚದ ಹಂತೇಕ ಯಾಕ ನಿಂತಿದ್ದಿ?”

“ಮಾವನ ಮುಖಾ ತೊಳ್ಯಾಕ್ರಿ. ಬೆವರು ಇಳ್ಯಾಕತ್ತಿತ್ತು. ದಿಂಬಿಗಿ ನೀರ ಸಿಡೀತು.”

“ಸುಳ್ಳ ಹೇಳಬ್ಯಾಡ. ನಿನಗ ಮುದುಕನ ಹೇಲು ಉಚ್ಚಿ ಬಳದು ಸಾಕಾಗ್ಯದ. ಬಾಯಿ ಬಿಟ್ಟು ಹೇಳಬೇಕಿತ್ತು.”

ಹೇಳಬಾರದ ಮಾತು. ಎರಡು ತಿಂಗಳು ಹೇಸದೆ ಮಾಡಿದವಳು ಅವಳೇ. ಅವಳು ತಟ್ಟುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಬೇಯಿಸಿ, ಬುಟ್ಟಿಯಲ್ಲಿಟ್ಟು, ಕೈ ತೊಳೆದುಕೊಂಡಳು. ಮರುದಿನ ಬೆಳಿಗ್ಗೆ ಬ್ಯಾಗು ಹಿಡಿದು ಆಳಂದದ ತವರಿಗೆ ಹೊರಟಳು. ಇವರು ಮಂಚದ ಮೇಲಿಂದ ಎಲ್ಲ ನೋಡುತ್ತಿದ್ದರು. ಅವಳು ಕಾಲಿಗೆ ಬಿದ್ದಾಗ ಎಡಗೈ ಅವಳ ತಲೆಯ ಮೇಲಿಟ್ಟು ಕಣ್ಣೀರು ಹಾಕಿದರು. ಸೊಸೆಯ ಮೇಲಿನ ಮಾಯೆ ಅಂದುಕೊಂಡೆ. ಥೂ ನನ್ನ ಬುದ್ಧಿಗಿಷ್ಟು!

ಧಮ್ಮಪಾಲ ನನ್ನೊಡನೆ ಜಗಳಾಡಲಿಲ್ಲ. ಅವನ ಸ್ವಭಾವವೇ ಅಂಥದ್ದು. ಆದರೆ ಶನಿವಾರಗಳಂದು ಜೇವರ್ಗಿಗೆ ಬರುವುದನ್ನು ಕಡಿಮೆ ಮಾಡಿದ. ಕಡಗಂಚಿಯಿಂದ ಆಳಂದ ಹತ್ತಿರ, ಅಲ್ಲಿಗೇ ಹೋಗುತ್ತಿದ್ದ.

ಮೇ ತಿಂಗಳು. ಮನೆಯಲ್ಲಿ ನಾನು, ಸುಮಂಗಲಾ, ಇವರು, ಮೂರೇ ಜನ. ಸುಮಂಗಲಾ ಮನೆಗೆಲಸವನ್ನೆಲ್ಲ ಮೈಮೇಲೆ ಹಾಕಿಕೊಂಡಿದ್ದಳು. ಬೇಳೆ ಕುದಿಸುವುದು, ಬಟ್ಟೆ, ಅಪ್ಪನ ಸ್ನಾನ ಎಲ್ಲ. ಚಾರ್ಟಿನ ಮಾತೇ ಎತ್ತುತ್ತಿರಲಿಲ್ಲ. ಇವರೂ “ನೀರ” ಅನ್ನುವುದನ್ನು ಕಡಿಮೆ ಮಾಡಿದ್ದರು. ನಾನು ಉಣಿಸುವಾಗ ಜಾಣ ಮಗುವಿನಂತೆ ಗದ್ದ ಬಗ್ಗಿಸಿ ಅಂಬಲಿ ನುಂಗುತ್ತಿದ್ದರು. “ನೋಡು, ಹೆಂಗ ರೂಢಿ ಆತು” ಅಂತ ನಾನು ಖಾಸೀಂಬಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಹದಿನೆಂಟು ದಿನಕ್ಕೆ ಮತ್ತೆ ಜ್ವರ.

ಈ ಸಲ ಎರಡೂ ಕಡೆ ಬಿಳಿ ಮೋಡ. ನಾಲ್ಕು ದಿನ ಆಕ್ಸಿಜನ್ ಹಾಕಿದರು. ಐದನೆಯ ದಿನ ಇವರು ಕಣ್ಣು ಬಿಟ್ಟು ಎಲ್ಲರನ್ನೂ ಗುರುತಿಸಿದರು. ಡಾಕ್ಟರು ರೌಂಡಿಗೆ ಬಂದರು, ಧಮ್ಮಪಾಲ ಕಡಗಂಚಿಯಿಂದ ಬಂದಿದ್ದ, ಫರಹೀನಳೂ ಇದ್ದಳು.

“ಮತ್ತೆ ತೆಳ್ಳಗಿನದೇ ಹೋಗಿದೆ. ಯಾರು ಕೊಟ್ಟಿರಿ?” ಡಾಕ್ಟರು ಸಿಟ್ಟಿನಲ್ಲಿದ್ದರು.

ಆಗ ಧಮ್ಮಪಾಲ ಮಂಚದ ಮೇಲೆ ಬಗ್ಗಿ ಕೇಳಿದ. “ಅಪ್ಪಾ, ನಿನಗ ನೀರು ಕೊಟ್ಟವ್ರು ಯಾರು? ಕೈ ಮಾಡಿ ತೋರಸು.”

ಇವರು ಸುಮಂಗಲಾಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಎಡಗೈ ಎತ್ತಿದರು. ಬೆರಳು ನನ್ನ ಕಡೆ ಇತ್ತು.

ನಾನು ನನ್ನ ಹಿಂದೆ ಯಾರಾದರೂ ನಿಂತಿದ್ದಾರೇನು ಅಂತ ತಿರುಗಿ ನೋಡಿದೆ. ಗೋಡೆ ಇತ್ತು.

“ಅವ್ವನೇನು?” ಧಮ್ಮಪಾಲನ ದನಿಯೇ ಬೇರೆಯಾಗಿತ್ತು. “ಸರಿಯಾಗಿ ಹೇಳಪಾ. ಅವ್ವ ಅಲ್ಲಂದ್ರ ಬ್ಯಾಡ ಅನ್ನು.”

ಇವರು ಬ್ಯಾಡ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡರು.

“ನಾ ಕೊಟ್ಟಿಲ್ರಿ! ನಾ ಅಂಗನವಾಡಿ ಟೀಚರ್ ಅದೀನ್ರಿ, ನನಗ ತಿಳಿಯಂಗಿಲ್ಲೇನ್ರಿ!” ಅಂತ ಬಾಯಿ ಬಡಿದುಕೊಂಡೆ. ಡಾಕ್ಟರು “ಮನೆಯಲ್ಲಿ ಬಗೆಹರಿಸಿಕೊಳ್ಳಿ” ಎಂದು ಮುಂದಿನ ಮಂಚಕ್ಕೆ ಹೋದರು. ಫರಹೀನ ನನ್ನನ್ನು ನೋಡಿದ ನೋಟ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಪಾಪ, ಅವಳದೇನು ತಪ್ಪು.

ವರಾಂಡದಲ್ಲಿ ಧಮ್ಮಪಾಲ ಅಂದ, “ಅವ್ವಾ, ನೀನೇ ಕೊಟ್ಟು ಮಧುಮತಿ ಮ್ಯಾಲ ಹಾಕಿದ್ಯಲ್ಲ.”

“ನಾ ಕೊಟ್ಟಿಲ್ಲೋ. ನಿಮ್ಮಪ್ಪನ ತಲಿ ಸರಿ ಇಲ್ಲ.”

“ತಲಿ ಸರಿ ಅದ ಅಂತ ಡಾಕ್ಟರ್ ಹೇಳ್ಯಾರ. ಮಾತು ಬರಂಗಿಲ್ಲ, ಅಷ್ಟೇ. ಇನ್ನ ಮುಂದ ನೀ ಉಣಸಬ್ಯಾಡ. ಸುಮಾ ಉಣಸ್ತಾಳ.”

ಸುಮಂಗಲಾ ತಲೆ ಬಗ್ಗಿಸಿಕೊಂಡು ನಿಂತಿದ್ದಳು. “ಆಗ್ಲಿ ಅಣ್ಣಾ” ಅಂದಳು.

ಆಮೇಲಿನ ಎರಡು ವಾರ ನನ್ನ ಮನೆಯಲ್ಲಿ ನಾನು ಬಾಡಿಗೆಗೆ ಇದ್ದವರಂತೆ ಇದ್ದೆ. ಅಂಬಲಿ ಕಾಸುವುದು ನಾನು, ಉಣಿಸುವುದು ಅವಳು. ಅವಳು ಚಮಚ ತುಂಬ ತುಂಬಿ ಲಗುಬಗೆಯಿಂದ ಬಾಯಿಗಿಡುತ್ತಿದ್ದಳು. “ಸಣ್ಣದು, ಸಣ್ಣದು ಕೊಡು ಬೇ” ಅಂದರೆ “ನೀ ಹೊರಗ ಕೂಡು ಅವ್ವಾ, ಅಣ್ಣ ಹೇಳ್ಯಾನ” ಅನ್ನುವಳು. ಓಣಿಯ ಹೆಂಗಸರು ಅಂಗನವಾಡಿಯ ಬಾಗಿಲಲ್ಲಿ ಮಕ್ಕಳನ್ನು ಬಿಡುವಾಗ ಪಿಸಿಪಿಸಿ ಮಾತಾಡುವರು. ಒಬ್ಬಳಂತೂ ತನ್ನ ಕೂಸಿಗೆ ಮನೆಯಿಂದಲೇ ಡಬ್ಬಿ ಕಟ್ಟಿ ಕಳಿಸಿದಳು, ನನ್ನ ಕೈಯ ಊಟ ಬೇಡವೆಂದು. ನಾನು ಇವರ ಮಂಚದ ಹತ್ತಿರ ಹೋಗಿ ನಿಂತರೆ ಇವರು ಗೋಡೆಯ ಕಡೆ ಮುಖ ಮಾಡುವರು. ಯಾಕೆ ಹೀಗೆ ಮಾಡಿದಿರಿ ಅಂತ ಕೇಳಿದೆ, ಹತ್ತು ಸಲ ಕೇಳಿದೆ. ಕಣ್ಣೇ ತೆರೆಯಲಿಲ್ಲ.

ಜೂನ್ ಮೊದಲ ವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಮೇಲ್ವಿಚಾರಕಿ ಬರುತ್ತಾರೆ ಅಂತ ಸುದ್ದಿ ಬಂತು, ಹಾಜರಿ ಪುಸ್ತಕ ಮನೆಯಲ್ಲಿ ಮರೆತಿದ್ದೆ. ತರಲು ಬಂದೆ. ಬಾಗಿಲು ಅಗುಳಿ ಹಾಕದೆ ಮುಂದೆ ಮಾಡಿತ್ತು. ತಳ್ಳಿದೆ.

ಸುಮಂಗಲಾ ಮಂಚದ ಮೇಲೆ ಕೂತು ಎಡತೋಳಿನಲ್ಲಿ ಇವರ ತಲೆಯನ್ನು ಹಿಂದಕ್ಕೆ ವಾಲಿಸಿಕೊಂಡಿದ್ದಳು. ಬಲಗೈಯಲ್ಲಿ ಬಸಿ ಎತ್ತಿ ಹಿಡಿದು, ತುಟಿಗೆ ತಾಗಿಸದೆ, ಮೇಲಿನಿಂದ ಸಣ್ಣ ಧಾರೆಯಾಗಿ ಚಹಾ ಹೊಯ್ಯುತ್ತಿದ್ದಳು. ಇವರು ಬಾಯಿ ತೆರೆದು, ಕಣ್ಣು ಅರ್ಧ ಮುಚ್ಚಿ ಇಳಿಸುತ್ತಿದ್ದರು. ಮೂವತ್ತಾರು ವರ್ಷದ ಸಂಸಾರದಲ್ಲಿ ಅಷ್ಟು ಸುಖ ಅವರ ಮುಖದಲ್ಲಿ ನಾನು ನೋಡಿದ್ದು ಕಡಿಮೆ. ಕೆಮ್ಮು ಇಲ್ಲ, ಏನಿಲ್ಲ. ನನ್ನನ್ನು ಮೊದಲು ಕಂಡವರು ಅವರು.

“ಎಷ್ಟು ದಿವಸದಿಂದ ನಡದದ ಇದು?”

ಸುಮಂಗಲಾಳ ಕೈಯಿಂದ ಬಸಿ ಓರೆಯಾಗಿ ಚಹಾ ಹಾಸಿಗೆಗೆ ಚೆಲ್ಲಿತು. “ಒದರಬ್ಯಾಡ ಅವ್ವಾ, ಓಣಿ ಕೇಳ್ತದ.”

“ಕೇಳ್ಲಿ! ಇಷ್ಟು ದಿವಸ ನನ್ನ ಹೆಸರು ಕೇಳ್ಯದ, ಇವತ್ತ ನಿಂದೂ ಕೇಳ್ಲಿ. ಎಷ್ಟು ದಿವಸದಿಂದ?”

“ಬಂದಾಗಿಂದ” ಅಂದಳು. ಅಳುತ್ತಲೇ ಸಿಟ್ಟಾದಳು. “ಮೊದಲ ನಳದ ನೀರು ಕೊಟ್ಟಿದ್ದೆ. ಪುಪ್ಪುಸದಾಗ ಕೀವು ಆತಂದ್ರು. ನಳದ್ದು ಹೊಲಸು ನೀರು ಅಂತ ಆಮ್ಯಾಲ ಕ್ಯಾನಿಂದು ಫಿಲ್ಟರ್ ನೀರು ಕೊಟ್ಟೆ. ಅದಕ್ಕೂ ಆತು. ಅದಕ್ಕೇ ಈಗ ಚಹಾ ಕೊಡಾಕತ್ತೇನಿ, ಖದಖದಾ ಕುದಸೇನಿ. ಕುದಸಿದ್ದರಾಗ ಯಾವ ಕ್ರಿಮಿ ಇರ್ತಾವ? ಒಮ್ಮೆರ ಕೆಮ್ಮ್ಯಾನೇನು ಕೇಳು ಅಪ್ಪನ್ನ!”

ನಾನು ತಲೆಯ ಮೇಲೆ ಕೈ ಹೊತ್ತು ಹೊಸ್ತಿಲಲ್ಲೇ ಕೂತೆ. ಕುದಿಸಿದರೇನು, ಸೋಸಿದರೇನು, ತೆಳ್ಳಗಿನದು ಓಡುತ್ತದೆ, ಬಾಯಲ್ಲಿರುವುದನ್ನೆಲ್ಲ ಹೊತ್ತುಕೊಂಡು ಓಡುತ್ತದೆ. ಕೆಮ್ಮದೇ ಇರುವುದೇ ಇವರ ರೋಗ. ಅದನ್ನು ನಾನು ಚಾರ್ಟಿನಲ್ಲಿ ಬರೆಯಲಿಲ್ಲ, ಬಾಯಿಬಿಟ್ಟು ಹೇಳಲೂ ಇಲ್ಲ. ಅಷ್ಟು ತಪ್ಪು ನನ್ನದು, ಒಪ್ಪುತ್ತೇನೆ. ಆದರೆ ಆಸ್ಪತ್ರೆಯಲ್ಲಿ ಬೆರಳು ನನ್ನ ಕಡೆ ತಿರುಗಿದಾಗ ಅವಳ ಬಾಯಿಗೆ ಲಕ್ವಾ ಹೊಡೆದಿರಲಿಲ್ಲವಲ್ಲ.

“ಅವತ್ತ ಯಾಕ ಹೇಳಲಿಲ್ಲ?”

“ಅಪ್ಪ ನಿನ್ನ ತೋರಸ್ದ. ನಾ ಏನ ಮಾಡ್ಲಿ?”

“ಮಧುಮತಿ ಮ್ಯಾಲ ಯಾಕ ಹೇಳ್ದಿ?”

“ಚರಿಗಿ ಹಿಡದಿದ್ಲು ಅಂತ ಹೇಳೇನಿ. ಹಿಡದಿದ್ದು ಖರೇ. ಉಳದದ್ದು ನೀನೇ ಅಂದಿ.”

ಎದ್ದು ಹೋಗಿ ಇವರ ಮುಂದೆ ನಿಂತೆ. “ನಾ ಏನ ಮಾಡಿದ್ದೆ ನಿಮಗ? ಮಗಳನ್ನ ಉಳಸ್ಕೋಬೇಕಂದ್ರ ಸುಮ್ನ ಕಣ್ಣ ಮುಚ್ಕೊಂಡು ಮಲಗಬೇಕಿತ್ತು. ನನ್ನನ್ನ್ಯಾಕ ತೋರಸಿದ್ರಿ?”

ಇವರು ಎಡಗೈಯಿಂದ ಕಣ್ಣು ಮುಚ್ಚಿಕೊಂಡರು. ಉತ್ತರ ಕೊಟ್ಟವಳು ಸುಮಂಗಲಾ.

“ನನ್ನ ತೋರಸಿದ್ರ ಅಣ್ಣ ನನ್ನ ಅವತ್ತೇ ಅಫಜಲಪುರಕ್ಕ ಕಳಸ್ತಿದ್ದ. ಅಪ್ಪಗ ಹನಿ ನೀರು ಕೊಡವ್ರು ಯಾರೂ ಇರ್ತಿರಲಿಲ್ಲ. ನಿನ್ನ ತೋರಸಿದ್ರ ನೀ ಎಲ್ಲಿ ಹೋಗ್ತಿ ಅವ್ವಾ? ಇಲ್ಲೇ ಇರ್ತಿ, ಅಂಬಲಿ ಕಾಸ್ತಿ.”

ನೀ ಎಲ್ಲಿ ಹೋಗ್ತಿ. ಅಪ್ಪ ಮಗಳು ಕೂಡಿ ನನಗೆ ಕಟ್ಟಿದ ಬೆಲೆ ಅಷ್ಟು. ಹಾಜರಿ ಪುಸ್ತಕ ತೆಗೆದುಕೊಂಡು ಅಂಗನವಾಡಿಗೆ ಹೋದೆ. ಮೇಲ್ವಿಚಾರಕಿಯ ಮುಂದೆ ನಗುತ್ತಲೇ ನಿಂತೆ. ಮಕ್ಕಳಿಗೆ ಹಾಡು ಹೇಳಿಕೊಟ್ಟೆ. ಸಂಜೆ ಧಮ್ಮಪಾಲನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನು “ಶನಿವಾರ ಬರ್ತೇನಿ” ಅಂದ.

ನಾನು ಶನಿವಾರದ ತನಕ ಕಾಯಲಿಲ್ಲ. ಮರುದಿನವೇ ರಜೆ ಹಾಕಿ, ಇವರನ್ನು ನೋಡಿಕೊಳ್ಳಲು ಖಾಸೀಂಬಿಗೆ ಹೇಳಿ, ಚಾರ್ಟಿನಲ್ಲಿ ಬರೆಯದ ಮಾತನ್ನು ಅವಳಿಗೂ ಸುಮಂಗಲಾಳಿಗೂ ಎದುರಿಗೆ ಕೂಡಿಸಿಕೊಂಡು ಹೇಳಿ, ಆಳಂದದ ಬಸ್ಸು ಹತ್ತಿದೆ. ಮಧುಮತಿ ತವರಿನ ಪಡಸಾಲೆಯಲ್ಲಿ ಮಷೀನು ತುಳಿಯುತ್ತಿದ್ದಳು. ನನ್ನನ್ನು ಕಂಡು ಎದ್ದು, ಮೊದಲು ಒಂದು ಚರಿಗೆ ನೀರು ತಂದು ಕೊಟ್ಟಳು. ಆ ನೀರು ಕುಡಿಯಲು ನನಗೆ ಸಾಕುಸಾಕಾಯಿತು.

ಎಲ್ಲ ಹೇಳಿದೆ. ಬೆರಳಿನ ಸಂಗತಿ ಹೇಳುವಾಗ ಅತ್ತುಬಿಟ್ಟೆ. ಅವಳು ಅಳಲಿಲ್ಲ.

“ನಿಮಗ ಮಾವ ಬೆರಳು ತೋರಸಿದ್ದು ಇಷ್ಟು ಹತ್ತ್ಯದ ಅತ್ತಿ. ನನಗ ನೀವು ತೋರಸಿದ್ರಿ. ನಾ ಯಾರ ಮುಂದ ಹೋಗಿ ಅಳ್ಲಿ?”

“ನಂದು ತಪ್ಪಾಗ್ಯದ ಯವ್ವಾ.”

“ಆಗ್ಯದ್ರಿ. ಮುಖಾ ತೊಳ್ಯಾಕ ಅಂತ ಹೇಳ್ದೆ, ನೀವು ನನ್ನ ಮುಖಾನೂ ನೋಡಲಿಲ್ಲ.” ಅವಳು ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚಿದಳು. “ಬರ್ತೇನಿ. ಆ ಮನಿ ನಂದೂ ಅದ. ಆದ್ರ ಮಾವನ ಚಮಚಾ ನಾ ಮುಟ್ಟಂಗಿಲ್ಲ. ನಾಳಿ ಮತ್ತ ಜ್ವರ ಬಂದ್ರ ಬೆರಳು ಯಾರ ಕಡಿ ಹೊಳ್ಳತದೋ ಯಾರಿಗಿ ಗೊತ್ತು?”

ಹೂಂ ಅಂದೆ. ಬೇರೆ ಏನು ಅನ್ನಲಿ. ಅಷ್ಟರಲ್ಲಿ ಖಾಸೀಂಬಿಯ ಫೋನು ಬಂತು. ಇವರಿಗೆ ಮೈ ಕಾದ ಹಂಚಿನ ಹಾಗೆ ಸುಡುತ್ತಿದೆ, ಉಸಿರು ಮೇಲೆ ಮೇಲೆ ಬರುತ್ತಿದೆ, ಸುಮಂಗಲಾ ಅಂಬುಲೆನ್ಸಿನಲ್ಲಿ ಕೂಡಿಸಿಕೊಂಡು ಹೊರಟಿದ್ದಾಳೆ ಅಂದಳು.

ಹನ್ನೆರಡು ದಿನ ಆಸ್ಪತ್ರೆ. ಅದರಲ್ಲಿ ಮೂರು ದಿನ ಡಾಕ್ಟರು ಇವರು ಉಳಿಯುವುದೇ ಇಲ್ಲ ಅಂದಿದ್ದರು. ನಾನು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂತು, ಸಾಯಬಾರದು, ನನಗೆ ಉತ್ತರ ಕೊಡದೆ ಸಾಯಬಾರದು ಅಂತ ಒಂದೇ ಸಮನೆ ಅಂದುಕೊಂಡೆ. ಪ್ರೀತಿಯೋ ಸಿಟ್ಟೋ ನನಗೇ ತಿಳಿಯಲಿಲ್ಲ. ಸುಮಂಗಲಾ ಡಾಕ್ಟರ ಕಾಲು ಹಿಡಿದು ತಾನೇ ಕೊಟ್ಟದ್ದೆಂದು ಒಪ್ಪಿಕೊಂಡಳು. ಧಮ್ಮಪಾಲ ನನ್ನ ಹತ್ತಿರ ಬಂದು “ಅವ್ವಾ” ಅಂದ, ಡಬ್ಬಿಯಲ್ಲಿ ತಂದಿದ್ದ ಚಪಾತಿ ನನ್ನ ಮುಂದೆ ಇಟ್ಟು ಹೋದ.

ಇವರು ಉಳಿದರು. ಹನ್ನೆರಡನೆಯ ದಿನ ಮಂಚದ ಹಿಂಭಾಗ ಏರಿಸಿ ಕೂಡಿಸಿದ್ದರು. ಮೈ ಅರ್ಧ ಇಳಿದಿತ್ತು. ಡಾಕ್ಟರು ನಮ್ಮನ್ನೆಲ್ಲ ಮಂಚದ ಸುತ್ತ ಕರೆದರು.

“ಇದು ಮೂರನೇ ಸಲ. ನಾಲ್ಕನೇದಕ್ಕೆ ಇವರ ಪುಪ್ಪುಸದಲ್ಲಿ ತಾಕತ್ತಿಲ್ಲ. ಎರಡು ದಾರಿ ಇವೆ. ಬಾಯಿಂದಲೇ ಉಣಿಸುವುದಾದರೆ ಒಬ್ಬರೇ ಉಣಿಸಬೇಕು, ಉಳಿದವರು ಅವರ ಮಾತು ಮೀರಬಾರದು. ಇಲ್ಲವೆಂದರೆ ಹೊಟ್ಟೆಗೇ ನಳಿಕೆ ಇಡುತ್ತೇವೆ. ಉಗುಳು ಇಳಿಯುವ ಭಯ ಆಗಲೂ ಇರುತ್ತದೆ. ಆದರೆ ಊಟ, ನೀರು ಬಾಯಿಂದ ಹೋಗುವುದಿಲ್ಲ.”

ಧಮ್ಮಪಾಲ ತಡಮಾಡಲಿಲ್ಲ. “ಅವ್ವ ಇದ್ದಾಳಲ್ರಿ ಸರ್. ಅವ್ವ ಉಣಸ್ತಾಳ.”

“ಹೌದ್ರಿ. ಅವ್ವನಷ್ಟು ಛಲೋ ಯಾರೂ ಉಣಸಂಗಿಲ್ಲ” ಅಂದಳು ಸುಮಂಗಲಾ. ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮಧುಮತಿ ಬಾಗಿಲ ಹತ್ತಿರ ನಿಂತಿದ್ದಳು. ಇವರು ಎಡಗೈ ಚಾಚಿ ನನ್ನ ಸೆರಗಿನ ತುದಿ ಹಿಡಿದರು. ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಕೇಳಬೇಕಾದದ್ದು ಇದೆ ಅಂತಲೂ ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ನಾನು ಸೆರಗು ಬಿಡಿಸಿಕೊಂಡೆ. “ನಾ ಉಣಸಂಗಿಲ್ರಿ. ನಳಿಕಿ ಹಾಕ್ರಿ.”

“ಅವ್ವಾ!”

“ಬ್ಯಾಡ” ಅಂದರು ಇವರು. ಜೋರಾಗಿ, ಸ್ಪಷ್ಟವಾಗಿ, ವರಾಂಡದವರಿಗೂ ಕೇಳುವಂತೆ. ತಲೆ ಆಡಿಸಿ ಇನ್ನೊಮ್ಮೆ ಅಂದರು, “ಬ್ಯಾಡ!” ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂತು.

“ಅವ್ವಾ, ಅಪ್ಪ ಬ್ಯಾಡ ಅನ್ನಾಕತ್ತಾನ, ಕೇಳಸ್ಲಿಲ್ಲೇನು?” ಧಮ್ಮಪಾಲ ನನ್ನ ರಟ್ಟೆ ಹಿಡಿದ.

“ಕೇಳಸ್ತು” ಅಂದೆ. ಇವರ ಮುಖದ ಹತ್ತಿರಕ್ಕೆ ಬಗ್ಗಿದೆ. “ಈ ಮಾತು ನಿಮಗ ಅವತ್ತೂ ಬರ್ತಿತ್ತು.”

ಇವರು ನನ್ನನ್ನೇ ನೋಡಿದರು. ಈ ಸಲ ಕಣ್ಣು ಮುಚ್ಚಿಕೊಳ್ಳಲಿಲ್ಲ. ನಾನು ಡಾಕ್ಟರ ಕೈಯಿಂದ ನಳಿಕೆಯ ಒಪ್ಪಿಗೆ ಕಾಗದ ಇಸಿದುಕೊಂಡು ಸಹಿ ಮಾಡಿದೆ.